ಗೋಣಿ ಹಾಸಿದ ಜಾಗ

ಮಾಲ್ಮೋ, ಸ್ವೀಡನ್
೯ ಅಕ್ಟೋಬರ್ ೨೦೨೪

ಪ್ರೀತಿಯ ತಂಗಿ ಸಾಕಮ್ಮನಿಗೆ,

ಮಂಡಿನೋವು ಹೇಗಿದೆ? ಎಣ್ಣೆ ತಿಕ್ಕಿಕೊಳ್ಳುತ್ತಿದ್ದೀಯೋ, ಇಲ್ಲ ಸೊಸೆ ತಿಕ್ಕಲಿ ಎಂದು ಕಾಲು ಚಾಚಿ ಕೂತಿದ್ದೀಯೋ? ನಾನು ಚೆನ್ನಾಗಿದ್ದೇನೆ. ಫೋನಿನಲ್ಲಿ ಮಾತಾಡಿದರೆ ಮನೆಯವರೆಲ್ಲ ಕಿವಿ ಕೊಡುತ್ತಾರೆ, ಅದಕ್ಕೇ ಈ ಕಾಗದ.

ರಾಜಶೇಖರ ನನ್ನ ವೀಸಾ ಮುಂದುವರಿಸುವ ಅರ್ಜಿ ತಂದು ಮೇಜಿನ ಮೇಲಿಟ್ಟಿದ್ದಾನೆ. ಇಲ್ಲೇ ಇದ್ದುಬಿಡಮ್ಮ, ಊರ ಸಂತೆಯಲ್ಲಿ ನೀನು ಕೂತು ಮಾರುವ ಜಾಗ ಯಾರಿಗಾದರೂ ಬಿಟ್ಟುಕೊಡು ಅನ್ನುತ್ತಾನೆ. ಮಗ ಒಳ್ಳೆಯವನೇ. ಆದರೆ ಬೆಳಿಗ್ಗೆ ಗಂಡ ಹೆಂಡತಿ ಕೆಲಸಕ್ಕೆ ಹೋದರೆ ಸಂಜೆಯವರೆಗೆ ನಾನು, ಗೋಡೆ. ಗೋಡೆಯೂ ಈ ದೇಶದ್ದೇ ತಾನೆ, ತಿರುಗಿ ಮಾತಾಡುವುದಿಲ್ಲ. ತಡೆಯಲಾರದೆ ದಿನಾ ತರಕಾರಿ ಮಾರುವ ಬಯಲಿಗೆ ಹೋಗಿ ಕೂರುತ್ತೇನೆ. ಅದಕ್ಕೆ ಇವರು ತೊರ್ಯ್ ಅನ್ನುತ್ತಾರೆ. ಅಲ್ಲಿ ಬೀಟ್‌ರೂಟ್ ಮಾರುವ ಹಲೀನಾ ಎಂಬ ಪೋಲೆಂಡಿನ ಮುದುಕಿ ಇದ್ದಾಳೆ. ಲುಂಡ್‌ನಲ್ಲಿ ಓದುವ ಮೊಮ್ಮಗಳು ಶ್ರಾವಣಿ ಶನಿವಾರ ಬಂದಾಗ ನಮ್ಮಿಬ್ಬರ ನಡುವೆ ನಿಂತು ಮಾತು ದಾಟಿಸುತ್ತಾಳೆ. ಆ ತೊರ್ಯ್ ಅನ್ನುವ ಮಾತು ಇವರದಲ್ಲ, ನಮ್ಮದು, ನಮ್ಮ ಕಡೆ ತಾರ್ಗ್ ಎಂದು ಹಲೀನಾ ಬೀಗಿದಳು. ಹುಡುಗಿ ಪುಸ್ತಕ ನೋಡಿ ಹೌದೆಂದಳು. ಸಾವಿರ ವರ್ಷದ ಹಿಂದೆ ಇಲ್ಲಿಂದ ಮೂಡಲ ಸೀಮೆಗೆ ವ್ಯಾಪಾರಕ್ಕೆ ಹೋದ ಹಡಗಿನವರು ಸರಕಿನ ಜೊತೆ ಆ ಮಾತನ್ನೂ ಹೊತ್ತು ತಂದರಂತೆ. ಅದಕ್ಕೂ ಹಿಂದೆ ಎಲ್ಲಿ ಹುಟ್ಟಿತೋ, ಓದಿದವರಿಗೂ ಖಚಿತವಿಲ್ಲವಂತೆ. ನೋಡು, ಸಂತೆಗೆ ಬಂದ ಮಾತು, ಮನೆಗೆ ಹಿಂತಿರುಗುವುದನ್ನೇ ಮರೆತು ಇಲ್ಲೇ ಕೂತುಬಿಟ್ಟಿದೆ.

ಹೋದ ವಾರ ಎರಡು ದಿನ ಹಲೀನಾ ಬರಲಿಲ್ಲ. ಮೂರು ಸಂತೆ ಗೋಣಿ ಹಾಸದಿದ್ದರೆ ಜಾಗ ಕಂಡವರ ಪಾಲು ಎಂಬುದು ನಮ್ಮೂರ ಕಟ್ಟಳೆಯಲ್ಲವೇ? ಮೈಮೇಲಿನ ಶಾಲು ತೆಗೆದು ಅವಳ ಜಾಗದಲ್ಲಿ ಹಾಸಿ, ಎರಡು ದಿನವೂ ನಡುಗುತ್ತ ಕಾವಲು ಕೂತೆ. ಶನಿವಾರ ಬಂದಳು. ಇಲ್ಲಿ ಜಾಗಕ್ಕೆ ಕಮ್ಯೂನಿನವರು, ಅಂದರೆ ಊರಿನ ಆಫೀಸಿನವರು, ನಂಬರ್ ಕೊಟ್ಟಿರುತ್ತಾರೆ ಅಜ್ಜಿ, ಯಾರೂ ಕಸಿಯುವುದಿಲ್ಲ ಎಂದು ಶ್ರಾವಣಿ ನಕ್ಕಳು. ಹಲೀನಾ ನಗಲಿಲ್ಲ. ಶಾಲು ಕೊಡವಿ ನನಗೆ ಹೊದಿಸಿ, ಹೇಳಿದ್ದು ಇಷ್ಟೇ: “ಒಂದು ವರ್ಷ ನನ್ನ ಜಾಗ ನೋಡಿಕೊ ಅಂತ ಊರಲ್ಲಿ ಅಕ್ಕನಿಗೆ ಹೇಳಿ ಬಂದೆ. ಮೂವತ್ತೊಂದು ವರ್ಷ ಆಯ್ತು. ಅಕ್ಕ ಈಗಿಲ್ಲ.”

ಆಮೇಲೆ ಬೀಟ್‌ರೂಟ್ ಜೋಡಿಸತೊಡಗಿದಳು. ನಾನೂ ಕೈಹಾಕಿದೆ.

ಮಕ್ಕಳಿಗೆಲ್ಲ ಆಶೀರ್ವಾದ. ಎಮ್ಮೆಯ ಬೆನ್ನು ಒಮ್ಮೆ ಸವರು.

ಇಂತಿ ನಿನ್ನ ಅಕ್ಕ,
ಜವರಮ್ಮ

ಬರೆಯಲು ಮರೆತದ್ದು: ಹುಣಸೆಮರದ ಕೆಳಗಿನ ನನ್ನ ಜಾಗ ಕಾಳಿಯ ಸೊಸೆಗೆ ಬಿಟ್ಟುಕೊಡು ಎಂದು ಫೋನಿನಲ್ಲಿ ಅಂದಿದ್ದೆನಲ್ಲ, ಕೊಡಬೇಡ. ಅರ್ಜಿಗೆ ನಾನು ಸಹಿ ಹಾಕಿಲ್ಲ. ಸಂಜೆ ರಾಜಶೇಖರ ಬಂದಮೇಲೆ ಹೇಳುತ್ತೇನೆ. ಮಂಡಿ ಎಷ್ಟು ನೋಯಲಿ, ನಾನು ಬರುವ ತನಕ ಮಂಗಳವಾರ ಮಂಗಳವಾರ ಗೋಣಿ ಹಾಸು.