ಜ್ವರಕ್ಕೂ ಅಪ್ಪಣೆ

ಭಾನುವಾರ, ಮಧ್ಯಾಹ್ನ

ಅಕ್ಕನಿಗೆ,

ಫೋನಿನಲ್ಲಿ ಮಾತು ಮುಗಿಯಲಿಲ್ಲ, ಅದಕ್ಕೆ ಈ ಕಾಗದ. ನಾವಿಬ್ಬರೂ ಓದಿದ್ದು ಇಂಗ್ಲಿಷ್ ಶಾಲೆಯಲ್ಲೇ ಆದರೂ ಆ ಭಾಷೆಯಲ್ಲಿ ಜಗಳವಾಡಿದಾಗಲೆಲ್ಲ ಗೆದ್ದವಳು ನೀನು. ತಪ್ಪನ್ನು ಕೂಡ ಸಿದ್ಧಾಂತದ ಹಾಗೆ ಹೇಳಲು ನಿನಗೆ ಅದರಲ್ಲಿ ಬರುತ್ತದೆ. ಮನೆಮಾತಿನಲ್ಲಿ ನಿನ್ನ ಹತ್ತಿರ ಅಷ್ಟು ಪದಗಳಿಲ್ಲ. ಹಾಗಾಗಿ ಇದರಲ್ಲೇ ಬರೆಯುತ್ತಿದ್ದೇನೆ. ನಿಧಾನವಾಗಿ ಓದು.

ಪುಸ್ತಕ ತಲುಪಿತು. ಮುಖಪುಟ ಚೆನ್ನಾಗಿದೆ. ಜಾಗತೀಕರಣ, ಅಸಮಾನತೆ, ಸಂಸ್ಥೆಗಳು ಎಲ್ಲವೂ ಶೀರ್ಷಿಕೆಯಲ್ಲೇ ಇವೆ, ಪಾಪ, ಯಾವುದಕ್ಕೂ ಬೇಸರವಾಗಬಾರದು ಎಂದು. ಕೃತಜ್ಞತೆಯ ಪುಟದಲ್ಲಿ ಅನುದಾನ ಕೊಟ್ಟವರು, ಭಾವ, ಭಾವನ ನಾಯಿ, ಇವರೆಲ್ಲ ಆದ ಮೇಲೆ ಸಂದರ್ಶನಗಳನ್ನು ಅನುವಾದಿಸಿದ ತಂಗಿಯೂ ಇದ್ದಾಳೆ. ನಾಯಿಗೆ ಹೆಸರಿದೆ. ನನಗೆ 'ತಂಗಿ' ಸಾಕಾಗಿದೆ. ಇದಕ್ಕೆ ಜಗಳವಿಲ್ಲ. ನೋಡಿದೆ ಎಂದು ಹೇಳಿದೆ ಅಷ್ಟೆ.

ವಿಷಯ ಎಡಚಿಯದು. ನಿನಗೆ ಆ ಹೆಸರು ಮರೆತಿರಬಹುದು, ಏಕೆಂದರೆ ನಿನ್ನ ಪುಸ್ತಕದಲ್ಲಿ ಅವಳಿಗೆ ಹೆಸರಿಲ್ಲ. ನಮ್ಮ ಬೀದಿಯ ಕೊನೆಯ ಮನೆಯವಳು, ಬೀದಿಯ ಹಿಂದಿರುವ ಬಟ್ಟೆ ಕಾರ್ಖಾನೆಯಲ್ಲಿ ಹೊಲಿದ ಅಂಗಿಗಳ ಚಾಚಿದ ದಾರ ಕತ್ತರಿಸುವವಳು. ಅವತ್ತಿನ ಕೆಲಸ ಬಿಟ್ಟು ಬಂದು ನನ್ನ ಮುಂದಿನ ಕೋಣೆಯಲ್ಲಿ ಕೂತು ನಿನ್ನ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟಳು. ಸಂಶೋಧನೆಯ ಪ್ರಶ್ನೆಗಳು ನಿನಗೆ ಇಂಗ್ಲಿಷಿನಲ್ಲೇ ಬರುತ್ತಿದ್ದವು; ನೀನು ಆ ಕಡೆ, ಅವಳು ಈ ಕಡೆ, ಎರಡು ಭಾಷೆಯ ನಡುವೆ ನಾನು. ಮೊದಲೇ ನೀನು ಅವಳಿಗೆ ಮಾತು ಕೊಟ್ಟೆ: ನಿನ್ನ ಹೆಸರು ಎಲ್ಲೂ ಬರುವುದಿಲ್ಲ, ನಿನ್ನನ್ನು ಯಾರೂ ಗುರುತು ಹಿಡಿಯಲಾರರು. ಆ ಮಾತನ್ನು ಅವಳಿಗೆ ಅನುವಾದಿಸಿ ಹೇಳಿದವಳು ನಾನು.

ಮಾತು ಉಳಿಸಿಕೊಂಡೆ. ಹೆಸರು ಎಲ್ಲೂ ಇಲ್ಲ. ಊರಿಲ್ಲ, ಕಾರ್ಖಾನೆಯ ಹೆಸರೂ ಇಲ್ಲ. ಇರುವುದು ಇಷ್ಟು: 'ಎಡಗೈಯಲ್ಲಿ ಕತ್ತರಿ ಹಿಡಿಯುವ, ಮನೆಯಿಂದಲೇ ತನ್ನ ಕತ್ತರಿ ತರುವ, ಮಾತಿಗೊಮ್ಮೆ ಗಂಟಲು ಸರಿಮಾಡಿಕೊಳ್ಳುವ, ಬಾಡಿದ ಮುಖದ ಕೆಲಸಗಾರ್ತಿ.' ಓದಿದಾಗ ನನಗೆ ನಗುವೋ ಅಳುವೋ ತಿಳಿಯಲಿಲ್ಲ. ಇಡೀ ಕಾರ್ಖಾನೆಗೆ ಅವಳೊಬ್ಬಳೇ ಎಡಚಿ. ಕಂಪನಿ ಕೊಡುವ ಕತ್ತರಿ ಎಡಗೈಗೆ ಆಗುವುದಿಲ್ಲವೆಂದು ಅವಳು ಸ್ವಂತ ಕತ್ತರಿ ತರುವುದು ಬಾಗಿಲಿನ ಕಾವಲುಗಾರನಿಗೂ ಗೊತ್ತು, ದಿನವೂ ಅದನ್ನು ತೆಗೆಸಿ ನೋಡುವವನೇ ಅವನು. ನಿನ್ನಂಥವರಿಗೆ ಮಾತ್ರ ಸಾಧ್ಯವಾಗುವ ತಪ್ಪು ಇದು, ಅಕ್ಕ. ಹೆಸರು ಮುಚ್ಚಿಡುವ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿ, ಆಮೇಲೆ ಬರವಣಿಗೆಗೆ ಜೀವ ಬರಲಿ ಎಂದು ಇಡೀ ಆಳನ್ನೇ ತಂದು ನಿಲ್ಲಿಸುವುದು. ನಿನ್ನ ಸಂಸ್ಥೆಯ ನೈತಿಕ ಸಮಿತಿ ಅದನ್ನು ಓದಿ ಒಪ್ಪಿಗೆ ಕೊಟ್ಟಿತು. ಅವರಲ್ಲಿ ಯಾರಿಗೂ ಒಬ್ಬ ಎಡಚಿಯ ಪರಿಚಯವೂ ಇದ್ದಂತಿಲ್ಲ.

ಅಷ್ಟೇ ಆಗಿದ್ದರೆ ಅವಳು ಬೈದು ಸುಮ್ಮನಾಗುತ್ತಿದ್ದಳೇನೋ. ಆದರೆ ಅವಳ ಬಾಯಲ್ಲಿ ಒಂದು ವಾಕ್ಯ ಇಟ್ಟೆಯಲ್ಲ: 'ಈ ಕಂಪನಿಯಲ್ಲಿ ಜ್ವರ ಕೂಡ ಅಪ್ಪಣೆ ಕೇಳಿಕೊಂಡೇ ಬರಬೇಕು.' ಅಧ್ಯಾಯದ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ. ಪತ್ರಿಕೆಗಳು ಬೇರೆ ಏನನ್ನೂ ಓದಲಿಲ್ಲ, ಅದನ್ನೂ ಅದರ ಜೊತೆಗಿದ್ದ ಅವಳ ವರ್ಣನೆಯನ್ನೂ ಎತ್ತಿಕೊಂಡವು. ಎಲ್ಲೋ ದೂರದ ದೇಶದಲ್ಲಿ ಈ ಅಂಗಿಗಳನ್ನು ಕೊಳ್ಳುವ ದೊಡ್ಡ ಅಂಗಡಿಯವರು ಅದನ್ನು ಓದಿ ತಮಗೆ ಹೊಲಿದುಕೊಡುವ ಕಾರ್ಖಾನೆಗಳಿಗೆಲ್ಲ ಒಂದು ಮೇಲ್ ಕಳಿಸಿದರು: ಇದರ ಬಗ್ಗೆ ಕ್ರಮ ಕೈಗೊಳ್ಳಿ. ಎಡಗೈ ಕತ್ತರಿಯ ಗುರುತು ಹಿಡಿದ ಇಲ್ಲಿಯ ಕಾರ್ಖಾನೆಯವರು ಕ್ರಮ ಕೈಗೊಂಡರು. ರಜೆಯ ನಿಯಮ ಹಾಗೇ ಇದೆ. ಎಡಚಿಯನ್ನು ತೆಗೆದರು.

ಅಮ್ಮ ಮನೆಯಲ್ಲಿಲ್ಲದ ಹೊತ್ತಿನಲ್ಲಿ ಅವಳು ಪತ್ರಿಕೆ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಅಳುತ್ತಾಳೆಂದು ನಾನು ನೀರು ತರಲು ಎದ್ದೆ. ಅವಳು ಕೇಳಿದ್ದು, "ಅದ್ಯಾರ್ರೀ ಬರ್ದಿದ್ದು ನನ್ ಮುಖ ಬಾಡಿದೆ ಅಂತ? ಅವತ್ತು ಪೌಡರ್ ಹಾಕ್ಕೊಂಡು, ತಲೆ ಬಾಚ್ಕೊಂಡು ಬಂದಿದ್ದೆ! ನಿಮ್ಮಕ್ಕಂಗೆ ಕಣ್ಣು ಸರಿ ಇಲ್ವಾ?" ಕೆಲಸ ಹೋದ ಸಂಗತಿ ಹೊರಗೆ ಬಂದದ್ದು ಆಮೇಲೆ. ಫೀಸು ಕಟ್ಟಲಾಗದೆ ಮಗಳ ನರ್ಸಿಂಗ್ ತರಬೇತಿ ಅರ್ಧಕ್ಕೆ ನಿಲ್ಲುತ್ತದೆ ಎಂದು ಹೇಳುವಾಗ ಮಾತ್ರ ಗಂಟಲು ಸರಿಮಾಡಿಕೊಂಡಳು. ನೀನು ಅದನ್ನು ಬರೆದುಕೊಂಡದ್ದು ಸರಿಯಾಗಿಯೇ ಇತ್ತು.

ಅವಳ ಜೊತೆ ಮ್ಯಾನೇಜರನ ಹತ್ತಿರ ಹೋದೆ. ಸಭ್ಯ ಮನುಷ್ಯ, ಗೋಡೆಯ ಮೇಲೆ ತನ್ನದೇ ಫೋಟೋ ಹಾಕಿಕೊಂಡಿದ್ದಾನೆ. "ನಂಗೇನು ಇವಳ ಮೇಲೆ ದ್ವೇಷಾನಾ ಮೇಡಂ? ಆ ಮಾತು ಇವಳು ಅಂದಿಲ್ಲ ಅಂತ ನಿಮ್ಮಕ್ಕನ ಕೈಲಿ ಒಂದು ಸಾಲು ಬರೆಸ್ಕೊಂಡ್ ಬನ್ನಿ. ಬಯ್ಯರ್‌ಗೆ ಕಳಿಸ್ತೀನಿ, ಇವಳನ್ನ ತಗೋತೀನಿ," ಎಂದ. ಅದನ್ನೇ ನಿನಗೆ ಫೋನಿನಲ್ಲಿ ಹೇಳಿದೆ. ನೀನು ಏನಂದೆ ಎನ್ನುವುದನ್ನು ಇಲ್ಲಿ ಬರೆದಿಡುತ್ತೇನೆ, ನಿನ್ನ ಮಾತನ್ನು ಬೇರೆಯವರ ಬಾಯಲ್ಲಿ ಕೇಳುವ ಅನುಭವ ನಿನಗೂ ಆಗಲಿ. "ಡೇಟಾದ ಪ್ರಾಮಾಣಿಕತೆ ಅಂತ ಒಂದಿದೆ ಕಣೇ. ಮಾಲೀಕರ ಒತ್ತಡಕ್ಕೆ ಮಣಿದು ಹೇಳಿಕೆ ವಾಪಸ್ ತಗೊಂಡ್ರೆ ನಾಳೆ ಸಂಶೋಧನೆಗೆ ಏನ್ ಬೆಲೆ?"

ಆಗ ನಾನು ಕೇಳಿದೆ: ಅಕ್ಕ, ಆ ಮಾತು ಅವಳದಾ?

ಉತ್ತರ ಗೊತ್ತಿದ್ದೇ ಕೇಳಿದೆ. ಆ ಸಂದರ್ಶನವನ್ನು ಅನುವಾದಿಸಿದವಳು ನಾನು, ಧ್ವನಿಮುದ್ರಣ ಇವತ್ತಿಗೂ ನನ್ನ ಕಂಪ್ಯೂಟರಿನಲ್ಲಿದೆ. ರಜೆಯ ಬಗ್ಗೆ ನೀನು ಕೇಳಿದಾಗ ಎಡಚಿ ಅಂದದ್ದು, "ಕೇಳಿದ್ರೆ ಕೊಡ್ತಾರೆ. ಬೈಕೊಂಡು ಕೊಡ್ತಾರೆ." ಉಳಿದಂತೆ ತನ್ನ ಕತ್ತರಿಯನ್ನು ಪಕ್ಕದವಳು ಎರವಲು ತೆಗೆದುಕೊಂಡು ಮೊಂಡು ಮಾಡಿದ ಕಥೆಯನ್ನೇ ಹೇಳಿದಳು. ನಿನಗೆ ಬೇಜಾರಾಗಿ ಪೆನ್ನಿನ ಮುಚ್ಚಳ ತೆಗೆಯುತ್ತಾ ಹಾಕುತ್ತಾ ಕೂತಿದ್ದೆ.

ಆ ಮಾತು ಅಮ್ಮನದು. ನಾನು ಮೂರನೇ ತರಗತಿ, ನೀನು ನನಗಿಂತ ದೊಡ್ಡವಳು, ನಿನಗೆ ಇನ್ನೂ ಚೆನ್ನಾಗಿ ನೆನಪಿರಬೇಕು. ಅಮ್ಮ ಒದ್ದೆ ಬಟ್ಟೆ ಹಣೆಯ ಮೇಲೆ ಹಾಕಿಕೊಂಡು ಒಲೆಯ ಪಕ್ಕದಲ್ಲೇ ಒರಗಿದ್ದಳು. ಅಜ್ಜಿ ಬಂದು, "ಯಾರನ್ನ ಕೇಳಿ ಮಲಗಿದೀಯ?" ಎಂದಳು. ಅಜ್ಜಿ ಆಚೆ ಹೋದ ಮೇಲೆ ಅಮ್ಮ ನಮ್ಮಿಬ್ಬರನ್ನು ನೋಡಿ ಕಣ್ಣು ಮಿಟುಕಿಸಿ ಹೇಳಿದಳು: "ಈ ಮನೇಲಿ ಜ್ವರ ಕೂಡ ಅಪ್ಪಣೆ ಕೇಳ್ಕೊಂಡೇ ಬರ್ಬೇಕು." ನೀನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಿದ್ದೆ. ನೀನು ಮಾಡಿದ ಬದಲಾವಣೆ ಎಂದರೆ 'ಮನೆ' ಇದ್ದ ಕಡೆ 'ಕಂಪನಿ' ಹಾಕಿದ್ದು. ಅಷ್ಟಕ್ಕೆ ಅದು ಡೇಟಾ ಆಯಿತು.

ನನ್ನ ಪ್ರಶ್ನೆಗೆ ನಿನ್ನಿಂದ ಉತ್ತರವಾಗಿ ಬಂದದ್ದು 'ಕಾಂಪೊಸಿಟ್ ವಾಯ್ಸ್' ಎನ್ನುವ ಪದ. ಹಲವರ ನೋವನ್ನು ಒಂದು ಕಂಠದಲ್ಲಿ ಹೇಳುವ ವಿಧಾನವಂತೆ. ಎಷ್ಟು ಚೆನ್ನಾಗಿದೆ! ಹಲವರ ನೋವು, ಒಬ್ಬಳ ಕೆಲಸ. ಅದು ಸಾಲದೆಂಬಂತೆ ಇನ್ನೊಂದು ಮಾತು ಸೇರಿಸಿದೆ: ಪುಸ್ತಕದ ಬಿಡುಗಡೆ ಸಮಾರಂಭ ಇನ್ನೂ ಇದೆಯಲ್ಲ, ಅವತ್ತು ಎಡಚಿಯನ್ನು ಕರೆದುಕೊಂಡು ಬಾ, ವೇದಿಕೆಯ ಮೇಲೆ ಕೂರಿಸೋಣ, ಅವಳನ್ನು ತೆಗೆದುಹಾಕಿದ್ದನ್ನು ಎರಡನೇ ಮುದ್ರಣಕ್ಕೆ ಹಿನ್ನುಡಿಯಾಗಿ ಸೇರಿಸಬಹುದು. ಫೋನ್ ಇಟ್ಟ ಮೇಲೆ ನಾನು ಕೈ ತೊಳೆದುಕೊಂಡೆ. ಯಾಕೆ ಎಂದು ಗೊತ್ತಿಲ್ಲ, ಕೈ ಕೊಳೆಯೇನೂ ಆಗಿರಲಿಲ್ಲ.

ನಿನ್ನ ಕೊನೆಯ ಅಧ್ಯಾಯವನ್ನು ಮತ್ತೆ ಓದಿದೆ. ಮೇಲೆ ಕೂತವರ ತಪ್ಪಿನ ಭಾರ ಹೇಗೆ ಒಂದೊಂದೇ ಮೆಟ್ಟಿಲು ಇಳಿದು ಕೊನೆಗೆ ನೆಲದ ಮೇಲೆ ನಿಂತವರ ತಲೆಗೆ ಬರುತ್ತದೆ ಎಂದು ಬರೆದಿದ್ದೀಯ. ಬಹಳ ಒಳ್ಳೆಯ ಅಧ್ಯಾಯ. ವ್ಯಂಗ್ಯವಾಗಿ ಹೇಳುತ್ತಿಲ್ಲ. ಅದರ ಹಿಂದಿನ ಸಂದರ್ಶನಗಳೆಲ್ಲ ನನ್ನ ಕೈಯಲ್ಲಿ ಹಾದುಹೋಗಿವೆ, ಎಲ್ಲವೂ ನಿಜ. ನಿನ್ನ ಕಚೇರಿಯೂ ಒಂದು ಸಂಸ್ಥೆ ಎನ್ನುವುದು ಮಾತ್ರ ಬರೆಯುವಾಗ ನಿನಗೆ ಹೊಳೆದಿಲ್ಲ. ಹೊಳೆದಿದ್ದರೆ ಒಂದು ಅಡಿಟಿಪ್ಪಣಿಯನ್ನಾದರೂ ಹಾಕುತ್ತಿದ್ದೆ, ನಿನ್ನ ಸ್ವಭಾವ ನನಗೆ ಗೊತ್ತು.

ಇದನ್ನು ಬರೆಯುತ್ತಾ ನನ್ನನ್ನೂ ಕೇಳಿಕೊಂಡೆ. ಇದು ಎಡಚಿಯ ಕೆಲಸದ ಚಿಂತೆಯೋ, ನೀನು ಸಿಕ್ಕಿಬಿದ್ದ ಖುಷಿಯೋ? ಎರಡೂ ಇವೆ. ಕೆಲವು ಹೊತ್ತಿನಲ್ಲಿ ಖುಷಿಯ ಪಾಲೇ ಹೆಚ್ಚಿರುತ್ತದೆ. ಬಾಲ್ಯದಿಂದ ನಿನ್ನ ಅಂಕಪಟ್ಟಿಯ ನೆರಳಿನಲ್ಲಿ ಬೆಳೆದವಳಿಗೆ ಇಂಥ ದಿನ ಮತ್ತೆ ಮತ್ತೆ ಬರುವುದಿಲ್ಲ. ಆದರೆ ನನ್ನ ಮನಸ್ಸು ಅಷ್ಟೇನೂ ಚೊಕ್ಕಟವಾಗಿಲ್ಲ ಎನ್ನುವ ಕಾರಣಕ್ಕೆ ನಿನ್ನ ಪುಟ ಚೊಕ್ಕಟವಾಗುವುದಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ. ಸುಳ್ಳು ಬರೆ ಎನ್ನುತ್ತಿಲ್ಲ, ನೀನು ಹೆದರುವುದು ಸುಳ್ಳಿಗಲ್ಲ ಎನ್ನುವುದು ಇಬ್ಬರಿಗೂ ಗೊತ್ತು. 'ಆ ವಾಕ್ಯ ಈ ಕೆಲಸಗಾರ್ತಿ ಆಡಿದ್ದಲ್ಲ, ನಾನು ಸೇರಿಸಿದ್ದು, ಉಳಿದದ್ದೆಲ್ಲ ನಿಜ' ಎಂದು ಬರೆದು ಸಹಿ ಮಾಡಿ ಕಳಿಸು. ನೀನೇ ಬರೆದರೆ ಒಂದು ವಾಕ್ಯ ಹೋಗುತ್ತದೆ, ಪುಸ್ತಕ ಉಳಿಯುತ್ತದೆ. ಬೇರೆ ಯಾರಾದರೂ ಹೇಳಿದರೆ ಹಾಗಾಗುವುದಿಲ್ಲ.

ಅಮ್ಮನಿಗೆ ಇದು ಯಾವುದೂ ಗೊತ್ತಿಲ್ಲ. ಹೇಳುವ ಯೋಚನೆಯೂ ಇಲ್ಲ. ನಿನ್ನ ಪುಸ್ತಕವನ್ನು ಟೀವಿಯ ಪಕ್ಕ ನಿಲ್ಲಿಸಿಕೊಂಡಿದ್ದಾಳೆ, ಬಂದವರಿಗೆಲ್ಲ ಹಿಂದಿನ ರಟ್ಟಿನ ಮೇಲಿರುವ ನಿನ್ನ ಫೋಟೋ ತೋರಿಸುತ್ತಾಳೆ.

ನಿನ್ನ ಒಂದು ಸಾಲಿಗೆ ಕಾಯುವ,
ತಂಗಿ

ಮರೆತ ಮಾತಲ್ಲ, ಆಮೇಲೆ ನಡೆದದ್ದು. ಬುಧವಾರ, ಬೆಳಿಗ್ಗೆ:

ಈ ಕಾಗದವನ್ನು ಅಂಚೆಗೆ ಹಾಕಿರಲಿಲ್ಲ. ಸೋಮವಾರ ಎಡಚಿ ಬಂದಳು, ಅವಳ ಜಾಗಕ್ಕೆ ಹೊಸ ಹುಡುಗಿಯೊಬ್ಬಳಿಗೆ ಕೆಲಸ ಕಲಿಸುತ್ತಿದ್ದಾರಂತೆ. ನಾನು ಅಡುಗೆಮನೆಯಲ್ಲಿದ್ದೆ. ಅವಳು ಅಮ್ಮನ ಮುಂದೆ ಕೂತು ತನ್ನ ಗೋಳು ಹೇಳಿಕೊಂಡಳು, ತಾನು ಆಡದ ಆ ಮಾತನ್ನೂ ಆಡಿ ತೋರಿಸಿದಳು. ನಾನು ಹೊರಗೆ ಬರುವ ಹೊತ್ತಿಗೆ ಅಮ್ಮ ಟೀವಿ ಆರಿಸಿದ್ದಳು. ನಿನ್ನ ಒಂದು ಸಾಲಿಗಾಗಿ ಕಾಯುತ್ತಿದ್ದೇನೆ ಎಂದೆ. "ಅವಳಾ? ಅವಳು ಬರೀತಾಳಾ?" ಎಂದು ನನ್ನ ಮುಖವನ್ನೇ ನೋಡಿದಳು. "ಚಪ್ಪಲಿ ಮೆಟ್ಕೋ, ನಡಿ."

ಮ್ಯಾನೇಜರನ ಮುಂದೆ ಅಮ್ಮ ಕುರ್ಚಿಯ ತುದಿಯಲ್ಲಿ ಕೂತು ಹೇಳಿದಳು, "ಅದು ನನ್ ಮಾತು ಕಣಪ್ಪ. ನಮ್ಮತ್ತೆ ಮನೆ ಬಗ್ಗೆ ಅಂದಿದ್ದು. ನಿಮ್ ಕಂಪನೀನ ನಾನು ಒಳಗೆ ಬಂದು ನೋಡ್ತಿರೋದೇ ಇವತ್ತು." ಅವನು ತುಂಬ ಹೊತ್ತು ನಕ್ಕ, ನಮಗೆ ಟೀ ತರಿಸಿದ. ಆ ಮಾತು ಎಡಚಿಯದಲ್ಲ ಎಂದು ನನ್ನಿಂದ ಬರೆಸಿಕೊಂಡ, ಅಮ್ಮನಿಂದಲೂ ಸಹಿ ಹಾಕಿಸಿಕೊಂಡ. ಎಡಚಿ ಇವತ್ತು ಕೆಲಸಕ್ಕೆ ಹೋಗಿದ್ದಾಳೆ. ನಾವು ಏಳುವಾಗ ಅವನು ಕೇಳಿದ, "ಹಾಗಾದ್ರೆ ಪುಸ್ತಕದಲ್ಲಿ ಮಿಕ್ಕಿದ್ದೂ ಹೀಗೇನಾ ಮೇಡಂ?" ಮಿಕ್ಕಿದ್ದೆಲ್ಲ ನಿಜ ಎಂದೆ. ಚಿಕ್ಕ ಮಕ್ಕಳ ಮಾತಿಗೆ ತಲೆಯಾಡಿಸುವ ಹಾಗೆ ತಲೆಯಾಡಿಸಿದ. ಆ ಹಾಳೆ ನಿನ್ನ ಸಂಸ್ಥೆಗೂ ಪತ್ರಿಕೆಗಳಿಗೂ ಹೋಗುತ್ತದೆ. ಅವನಿಗೆ ನಾನು ಎಷ್ಟು ದೊಡ್ಡ ಉಡುಗೊರೆ ಕೊಟ್ಟೆನೆಂದು ನನಗೆ ಗೊತ್ತು. ಮೊನ್ನೆಯಿಂದ ಅದನ್ನೇ ಯೋಚಿಸುತ್ತಿದ್ದೇನೆ.

ವಾಪಸ್ ಬರುವಾಗ ಅಮ್ಮ ನಿನ್ನನ್ನು ಬೈಯಲಿಲ್ಲ. ಆ ಮಾತನ್ನು ದೊಡ್ಡ ಅಕ್ಷರದಲ್ಲಿ ಹಾಕಿದ್ದಾಳಾ ಎಂದು ಕೇಳಿದಳು. ಹೌದು ಎಂದೆ. ಬೀದಿಯ ತಿರುವಿನಲ್ಲಿ ಅಂದಳು, "ನಿನ್ ಹೆಸರು ಹಾಕಿ ಬರ್ಕೋತೀನಮ್ಮ ಅಂತ ಕೇಳಿದ್ರೆ, ನಾನು ಬೇಡ ಅಂತಿದ್ನಾ?"