ಪೂಜೆಯ ಹೊತ್ತಿನ ಜಗಳ

ಅತ್ತೀ,

ಅಂದು ಬೆಳಿಗ್ಗೆ, ರಾಣೇಬೆನ್ನೂರಿನ ಶಾಲೆಗೆ ಪಾಠ ಹೇಳಲು ಹೊರಡುವ ಮುನ್ನ, ನಾನು ಇಯರ್‌ಫೋನ್ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದೆ. ನೀವು ಬಂದು ಭುಜ ಅಲುಗಿಸಿದಿರಿ.

"ಯಾರವಾ ಅಂವ, ಕಿವ್ಯಾಗ?"

"ಮೊಬೈಲ್‌ನ್ಯಾಗ ಧ್ಯಾನ ಕಲಸಾಕತ್ತಾನ್ರಿ. ಒಳಗ ನೋಡಕೋ ಅಂತಾನ."

"ನಿನ್ನ ಒಳಗ ನೀ ಹೋಗಾಕ ಅವನ್ಯಾಕ ಬೇಕು? ಅಂವಗ ದಾರಿ ಗೊತ್ತೈತೇನು?"

ನಾನು ನಕ್ಕೆ. ಆದರೆ ಆ ಇಂಗ್ಲಿಷ್ ದನಿ ನಿಂತರೆ ನನ್ನೊಳಗೆ ಏನೂ ಉಳಿಯುವುದಿಲ್ಲವೇನೋ ಎಂಬ ಭಯ ಆಗಲೇ ಇತ್ತು. ಈಗಲೂ ಇದೆ.

ನೀವು ಅಂಗೈಯಲ್ಲಿ ಲಿಂಗ ಹಿಡಿದು ಕೂತರೆ, ಬ್ಯಾಡಗಿಯ ಮೆಣಸಿನಕಾಯಿ ಘಾಟಿಗೆ ಮನೆಯವರೆಲ್ಲ ಕೆಮ್ಮಿದರೂ ಮಿಸುಕುತ್ತಿರಲಿಲ್ಲ. ಎಂಥ ಶಾಂತಿ ಎಂದುಕೊಂಡಿದ್ದೆ. ಒಮ್ಮೆ ಕೇಳಿಯೂ ಬಿಟ್ಟೆ.

"ಎಲ್ಲೀ ಶಾಂತಿ? ಕುಪ್ಪೇಲೂರಿನ ತಂಗಿ ಮನಸಿನ್ಯಾಗ ಬಂದು ಮುಂದ ಕುಂದ್ರತಾಳ. ಅವ್ವ ಸಾಯಾಕ ಬಿದ್ದಾಗ ಯಾಕ ಹೇಳಿ ಕಳಸಲಿಲ್ಲ, ಕಡೀಕ ಮಾರಿ ನೋಡೂದೂ ತಪ್ಪಿಸಿದಿ ಅಂತ ನಾ ಬೈತೀನಿ. ಆಕೀನೂ ಏನೇನೋ ಅಂತಾಳ. ದಿನಾ ಇದ ನಂದು."

ಹರೆಯದಲ್ಲೇ ಆ ತಂಗಿಯೊಂದಿಗೆ ಮಾತು ಬಿಟ್ಟಿದ್ದಿರಿ. "ಹೋಗಿ ಬರೋಣೇನ್ರಿ?" ಎಂದರೆ, "ಎದುರಿಗೆ ಕುಂತ್ರ ಇಷ್ಟು ಮಾತಾಡಾಕ ಬರತೈತೇನು?" ಎಂದಿರಿ.

ಅದೇ ನನ್ನನ್ನು ಕೂರಗೊಡುತ್ತಿಲ್ಲ. ಒಳಗೊಳಗೇ ಅಷ್ಟು ಬದುಕಿದರೆ ಸಾಕೇ, ಅತ್ತೀ? ಅಥವಾ ಹೊರಗೆ ಆಗದ್ದಕ್ಕೆ ನಾವು ಕೊಟ್ಟುಕೊಳ್ಳುವ ಸಮಾಧಾನವೇ ಅದು? ಹಾಗಿದ್ದರೆ ಆ ಇಂಗ್ಲಿಷ್ ದನಿಯಲ್ಲಿ ನಾನು ಹುಡುಕುತ್ತಿರುವುದೂ ಅದನ್ನೇ?

ನೀವು ತೀರಿಹೋದ ದಿನ ಮಣ್ಣಿಗೆ ಬಂದಾಗ ನಿಮ್ಮ ತಂಗಿ ಯಾರೊಂದಿಗೂ ಮಾತಾಡಲಿಲ್ಲ. ಮೊನ್ನೆ ಒಬ್ಬರೇ ಬಸ್ಸಿಳಿದು ಬಂದರು. ಕೊಟ್ಟ ನೀರನ್ನೂ ಕುಡಿಯದೆ ಕೇಳಿದರು: "ನಮ್ಮಕ್ಕ ಯಾವಾಗರ ನನ್ನ ಹೆಸರು ತಗೀತಿದ್ಲೇನವಾ?"

ನನಗೊಬ್ಬಳಿಗೇ ನೀವು ಹೇಳಿದ ಮಾತು. ಅದನ್ನು ಹೊರಗೆ ತರುವ ಹಕ್ಕು ನನಗೆಲ್ಲಿದೆ ಎಂದು ಒದ್ದಾಡಿದೆ. ಆದರೂ ಹೇಳಿಬಿಟ್ಟೆ. "ದಿನಾ ಬೈತಿದ್ರು. ಪೂಜಿಗೆ ಕುಂತಾಗ."

"ಪೂಜ್ಯಾಗ? ದೇವರ ಮುಂದ?" ಸೆರಗು ಬಾಯಿಗೊತ್ತಿಕೊಂಡು ನಕ್ಕರು. ಕಣ್ಣು ತುಂಬಿತ್ತು. "ಅದಕ್ಕ ನಾ ಏನಂತಿದ್ನಂತ?"

ನೀವು ಅದನ್ನು ನನಗೆ ಹೇಳಿರಲಿಲ್ಲವಲ್ಲ. "ನೀವ ಹೇಳ್ರಿ" ಎಂದೆ.

ನೀರಿನ ಲೋಟ ಕೆಳಗಿಟ್ಟು ಹೇಳಿದರು: "ಅವ್ವ ಬ್ಯಾಡ ಅಂದಿದ್ಲವಾ. ನಿನ್ನ ಗಂಡ ಅಕ್ಕನ ಹೊಟ್ಯಾಗಿದ್ದ, ದಿನ ತುಂಬಿದ್ವು. ತಿಳಿಸಿದ್ರ ಓಡಿ ಬರತಾಳ, ಬ್ಯಾಡ ಅಂದ್ಲು. ಆಮ್ಯಾಲ ಇದನ್ನ ಹೇಳಾಕ ಬಂದಿದ್ದೆ. ಆಕಿ ಬಾಗಲಾನ ತಗೀಲಿಲ್ಲ."

ನಿಮ್ಮೊಳಗೆ ಬಂದು ಕೂರುತ್ತಿದ್ದ ತಂಗಿಗೆ ಈ ಮಾತು ಗೊತ್ತೇ ಇರಲಿಲ್ಲ, ಅಲ್ಲವೇ ಅತ್ತೀ?