ಖಳನಾಯಕಿಯ ಸಹಿ

ಮರಕೈಬೋ,
೧೪ ಆಗಸ್ಟ್ ೧೯೮೮

ಎಫ್ರಾಯಿನ್,

ಪ್ರಿಯ ಎಂದು ಬರೆದು ಹೊಡೆದುಹಾಕಿದೆ, ಕ್ಷಮಿಸು. ನೀನು ಕಳಿಸಿದ ವಿಚ್ಛೇದನದ ಕಾಗದ ಮಂಗಳವಾರ ಬಂತು. ಎಲ್ಲಿ ಸಹಿ ಹಾಕಬೇಕೆಂದು ಪೆನ್ಸಿಲಿನಲ್ಲಿ ಗುರುತು ಮಾಡಿದ್ದೀಯ. ಇಪ್ಪತ್ತೊಂದು ವರ್ಷ ನಿನ್ನ ಹಸ್ತಪ್ರತಿ ಟೈಪು ಮಾಡಿದವಳಿಗೆ ಸಹಿಯ ಜಾಗ ತೋರಿಸಬೇಕಿರಲಿಲ್ಲ.

ನಮ್ಮ ಸಂಸಾರವನ್ನು ನೀನು ಕಾದಂಬರಿ ಮಾಡಿದಾಗ ನಾನು ಸುಮ್ಮನಿದ್ದೆ. ಮುನ್ನೂರು ಜನ ಓದಿರಬಹುದು, ಅದರಲ್ಲಿ ಅರ್ಧ ನಿನ್ನ ನೆಂಟರು. ಟಿವಿ ಹಾಗಲ್ಲ. ಮಧ್ಯಾಹ್ನ ಎರಡಕ್ಕೆ ಈ ಊರಿನಲ್ಲಿ ನಾಯಿಯೂ ಬೀದಿಗಿಳಿಯುವುದಿಲ್ಲ, ಎಲ್ಲರೂ ನಿನ್ನ ಧಾರಾವಾಹಿಯ ಮುಂದೆ. ನಾಯಕಿಯ ಪಾತ್ರಕ್ಕೆ ನೀನು ಹಟ ಹಿಡಿದು ಯಾಹೈರಾಳನ್ನು ಹಾಕಿಸಿದೆ. ಅವಳು ನಿನ್ನ ಹಾಸಿಗೆಗೆ ಬಂದದ್ದು ಮೊದಲೋ ಪಾತ್ರಕ್ಕೆ ಬಂದದ್ದು ಮೊದಲೋ, ನಾನು ಕೇಳಲಿಲ್ಲ. ಆಮೇಲೆ ಪತ್ರಿಕೆಯವರ ಮುಂದೆ ಹಲ್ಲು ಕಿರಿದು, ಖಳನಾಯಕಿ ಲಿಯೊನೋರ್‌ಗೆ ಮರಕೈಬೋದಲ್ಲಿರುವ ಹೆಂಡತಿಯೇ ಮಾದರಿ ಎಂದೆ. ನನ್ನ ಹೆಸರು, ಫೋಟೊ ಎಲ್ಲ ಕೊಟ್ಟೆ.

ಪುಸ್ತಕದಲ್ಲಿ ನಮ್ಮ ಮಗು ಹುಟ್ಟುವಾಗಲೇ ಸತ್ತಿತ್ತು, ನಡೆದದ್ದು ನಡೆದ ಹಾಗೆ. ಟಿವಿಗೆ ತರುವಾಗ ನೀನು ಲಿಯೊನೋರ್ ಹೊಟ್ಟೆಗೆ ದಿಂಬು ಕಟ್ಟಿಕೊಂಡು ಬಸುರಿಯ ನಾಟಕ ಆಡುವ ಹಾಗೆ ಮಾಡಿದೆ. ಕಥೆಗೆ ಕಳೆ ಬರಲಿ ಎಂದು. ಎಫ್ರಾಯಿನ್, ಆ ಮಗುವನ್ನು ನಾನು ಏಳು ತಿಂಗಳು ಹೊತ್ತಿದ್ದೆ. ಹದಿನೈದು ವರ್ಷದಿಂದ ನನಗೆ ಮೀನು ಕೊಡುವ ದಿಲ್ಸಿಯಾ ಸಂತೆಯಲ್ಲಿ ಎಲ್ಲರಿಗೂ ಕೇಳಿಸುವ ಹಾಗೆ, "ಏನಮ್ಮಾ, ಇವತ್ತು ದಿಂಬು ಮನೇಲೇ ಬಿಟ್ಟು ಬಂದ್ರಾ?" ಎಂದಳು. ಸಂತೆಗೆ ಸಂತೆಯೇ ನಕ್ಕಿತು. ಕೊಂಡ ಮೀನನ್ನು ಅಲ್ಲೇ ಬಿಟ್ಟು ಬಂದೆ.

ಜುಲೈನಲ್ಲಿ ಲಿಯೊನೋರ್ ಪಾತ್ರ ಮಾಡುವ ಕೊರೊಮೊತೊ ಯಾವುದೋ ಅಂಗಡಿಯ ಉದ್ಘಾಟನೆಗೆಂದು ಇಲ್ಲಿಗೆ ಬಂದವಳು, ನೇರ ನಮ್ಮ ಮನೆಗೇ ಬಂದಳು. ನಾನು ಕರಿದ ಬಾಳೆಹಣ್ಣಿನ ಮಂದೋಕ ನಾಲ್ಕು ತಿಂದು, "ಅಕ್ಕಾ, ದಿಂಬು ಬಿಚ್ಚೋ ಸೀನು ಬರೋ ವಾರ ಇದೆ. ಆಗ ಅವಳ ಮನಸ್ಸಲ್ಲಿ ಏನಿರುತ್ತೆ ಅಂತ ನಂಗೇ ತಿಳೀತಿಲ್ಲ" ಎಂದಳು. ನಾನು ನಿಜ ಹೇಳಿದೆ. ಆಸ್ಪತ್ರೆಯವರು ಮಗುವನ್ನು ಟವೆಲಿನಲ್ಲಿ ಸುತ್ತಿ ಕೈಗೆ ಕೊಟ್ಟದ್ದು, ನಾನು ಅದನ್ನು ತೂಗುತ್ತಾ ಕೂತದ್ದು, ನೀನು ರಾಜಧಾನಿ ಕರಕಾಸಿನಲ್ಲಿ ಸನ್ಮಾನ ಮಾಡಿಸಿಕೊಳ್ಳುತ್ತಿದ್ದದ್ದು, ಎಲ್ಲ. ಅವಳು ಗಳಗಳನೆ ಅತ್ತಳು.

ಆ ಸೀನಿನಲ್ಲಿ ಅವಳು ದಿಂಬು ಬಿಚ್ಚಿ ಬಿಸಾಡಬೇಕಿತ್ತು. ಬಿಸಾಡದೆ ಎದೆಗವಚಿಕೊಂಡು ತೂಗಿದಳು. ದೇಶವೇ ಅತ್ತಿತು. ಮರುದಿನ ದಿಲ್ಸಿಯಾ ದೊಡ್ಡ ಮೀನೊಂದನ್ನು ಬಲವಂತವಾಗಿ ನನ್ನ ಚೀಲಕ್ಕೆ ಹಾಕಿ, "ತಪ್ಪಾಯ್ತಮ್ಮಾ. ಲಿಯೊನೋರ್‌ನ ಮಾತ್ರ ಸಾಯಿಸ್ಬೇಡಿ ಅಂತ ನಿಮ್ಮೆಜಮಾನ್ರಿಗೆ ಹೇಳಿ" ಎಂದಳು. ನನ್ನ ಹೊಟ್ಟೆಯ ಉರಿ ಅದರಿಂದೇನೂ ಆರಲಿಲ್ಲ.

ನಿಮ್ಮ ಕಸುಬೇ ಹಾಗಲ್ಲವೇ, ಇವತ್ತು ಬರೆದು ನಾಳೆ ಶೂಟಿಂಗು, ನಾಡಿದ್ದು ಟಿವಿಗೆ. ಜನ ಯಾರನ್ನು ಮೆಚ್ಚಿದರೋ ಅವರು ಬದುಕುತ್ತಾರೆ. ಲಿಯೊನೋರ್‌ಳನ್ನು ಬೆಂಕಿಗೆ ತಳ್ಳಿ ಕಥೆ ಮುಗಿಸಬೇಕೆಂದಿದ್ದೆಯಂತೆ. ಈಗ ಅವಳು ಉಳಿದು, ನಾಯಕಿ ಮುಂದಿನ ವಾರವೇ ಸಾಯಬೇಕೆಂದು ಚಾನೆಲ್ಲಿನವರ ಅಪ್ಪಣೆಯಂತೆ. ಕೊರೊಮೊತೊ ಫೋನು ಮಾಡಿದ್ದಳು. ಯಾಹೈರಾಳ ಕೆಲಸ ಹೋಯಿತು. ಅವಳ ಸಾವನ್ನು ಬರೆಯಬೇಕಾದವನು ನೀನೇ, ಬರೆಯದಿದ್ದರೆ ನಿನ್ನ ಕೆಲಸವೂ ಹೋಗುತ್ತದೆ. ಚೆನ್ನಾಗಿ ಬರೆ. ನಾನು ತಪ್ಪದೆ ನೋಡುತ್ತೇನೆ.

ಕಾಗದವನ್ನು ಹಿಂದಕ್ಕೆ ಕಳಿಸಿದ್ದೇನೆ. ಸಹಿ ಹಾಕಿಲ್ಲ, ಬದುಕಿರುವ ತನಕ ಹಾಕುವುದೂ ಇಲ್ಲ.

ಇನ್ನೂ ನಿನ್ನ ಹೆಂಡತಿಯೇ ಆಗಿರುವ,
ಮೈಗುವಾಲಿದಾ

ಒಂದು ಮಾತು ಉಳಿಯಿತು: ಜನರ ಕಾಗದಗಳನ್ನು ನೋಡಿ ನಾಯಕಿಯನ್ನು ಸಾಯಿಸುತ್ತಿದ್ದೇವೆ ಎಂದು ಚಾನೆಲ್ಲಿನವರು ನಿನಗೆ ಹೇಳಿದ್ದಾರಂತೆ. ಅಲ್ಲ. ಹೋದ ತಿಂಗಳು ಯಾಹೈರಾ ನಿನಗೆ ತಿಳಿಯದಂತೆ ನನಗೊಂದು ಕಾಗದ ಬರೆದಿದ್ದಳು. ತನಗೆ ನಾಲ್ಕು ತಿಂಗಳಾಗಿದೆ, ಶೂಟಿಂಗ್ ಮುಗಿಯುವ ತನಕ ಬಸುರಿಯಾಗಬಾರದೆಂದು ಕರಾರಿದೆ, ಯಾರಿಗೂ ಹೇಳಬೇಡಿ, ವಿಚ್ಛೇದನದ ಕಾಗದ ಬಂದಾಗ ಹುಟ್ಟುವ ಮಗುವಿನ ಮುಖ ನೋಡಿಯಾದರೂ ಸಹಿ ಹಾಕಿಕೊಡಿ ಎಂದು ಬೇಡಿಕೊಂಡಿದ್ದಳು. ಆ ಕಾಗದವನ್ನು ಹಾಗೆಯೇ ಚಾನೆಲ್ಲಿನ ಯಜಮಾನರಿಗೆ ಅಂಚೆಗೆ ಹಾಕಿದೆ. "ಅವರು ಬರೆದಷ್ಟು ಕೆಟ್ಟವರಲ್ಲ ನೀವು ಅಂತ ನಂಗೊತ್ತು ಅಕ್ಕಾ" ಎಂದು ಕೊನೆಯಲ್ಲಿ ಬರೆದಿದ್ದಳು. ಆಗ ಅಷ್ಟು ಕೆಟ್ಟವಳಾಗಿರಲಿಲ್ಲ, ಈಗ ಆಗಿದ್ದೇನೆ ಎಂದು ಅವಳಿಗೆ ಹೇಳು.